ಮೂರು ಇಂಚು ಪೂರ್ವಕ್ಕೆ

ಮಾಸ್ತಪ್ಪ ಎತ್ತಿದ ಗೋಡೆ ಯಾವುದು, ಬೇರೆಯವರು ಎತ್ತಿದ್ದು ಯಾವುದು ಎಂದು ನಾನು ಬಸ್ಸಿನ ಕಿಟಕಿಯ ಪಕ್ಕ ಕೂತೇ ಹೇಳಬಲ್ಲೆ. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಅವನ ಮನೆಗಳು ಹನ್ನೊಂದಿವೆ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವಾಗ ಏಳು ಇದ್ದವು, ರಸ್ತೆ ಅಗಲ ಮಾಡುವಾಗ ಒಂದನ್ನು ಕೆಡವಿದರು. ಕೆಡವಲು ಬಂದ ಜೆಸಿಬಿಯವನು ಅರ್ಧ ದಿನ ಗುದ್ದಾಡಿ, ಊಟದ ಹೊತ್ತಿಗೆ ಯಂತ್ರ ನಿಲ್ಲಿಸಿ, "ಇದನ್ನ ಕಟ್ಟಿದವ ಯಾರು ಮಾರಾಯ್ರೇ, ಕೈಗೆ ಸಿಕ್ರೆ ನಾಲ್ಕು ಮಾತು ಕೇಳ್ತಿದ್ದೆ" ಎಂದು ಬೈದನಂತೆ. ಆ ಬೈಗುಳವನ್ನು ಮಾಸ್ತಪ್ಪನಿಗೆ ಮುಟ್ಟಿಸಿದವನು ನಾನೇ. ಎರಡು ದಿನ ಅದನ್ನೇ ಮೆಲುಕು ಹಾಕಿ ನಗುತ್ತಿದ್ದ.

ಅವನು ಗಾರೆಯವನು, ನಾನು ಬಡಗಿ. ಅವನಿಗೆ ಕರಣೆ ಹಿಡಿಯಲು ಕಲಿಸಿದ ಗುರುವಿಲ್ಲ, ನನಗೆ ಉಳಿ ಹಿಡಿಯಲು ಕಲಿಸಿದವರಿಲ್ಲ. ನಾನು ಮೂರನೇ ಇಯತ್ತೆಗೆ ಶಾಲೆ ಬಿಟ್ಟೆ. ಅವನು ಶಾಲೆಯೊಳಗೆ ಕಾಲಿಟ್ಟದ್ದು ಶಾಲೆಯ ಗೋಡೆ ಕಟ್ಟುವುದಕ್ಕೆ. ಕೆಟ್ಟ ಕೆಲಸಕ್ಕೆ ಮಾತ್ರ ಮೇಷ್ಟ್ರು ಬೇಕು, ಒಳ್ಳೆಯ ಕೆಲಸ ಕಣ್ಣಿಗೇ ಕಾಣುತ್ತದೆ ಎಂದು ನಾವಿಬ್ಬರೂ ನಂಬಿದ್ದೆವು. ಹಾಗೆ ನಂಬಿಯೇ ನಲವತ್ತೆರಡು ವರ್ಷ ಜತೆಯಲ್ಲಿ ದುಡಿದೆವು.

ಅವನ ಊರು ಹೊಸನಗರದಿಂದ ಒಳಗೆ, ಬಸ್ಸಿಳಿದು ಮೂರು ಮೈಲಿ. ಅಪ್ಪ ಗೇಣಿಗೆ ಮಾಡುತ್ತಿದ್ದವ. ಗೇಣಿ ಜಮೀನು ತಮ್ಮ ಹೆಸರಿಗೆ ಬಂದ ವರ್ಷ ಅಪ್ಪನಿಗೆ ಒಂದೇ ಹಟ: ತಟ್ಟಿ ಕಿತ್ತು ಹಾಕಿ ಗೋಡೆಯ ಮನೆ ಕಟ್ಟಬೇಕು. ಗೋಡೆ ಇಡುವ ಆಳು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಎಂದು ಬೇಸಿಗೆ ಅರ್ಧ ಕಳೆಸಿದ. ಕಡೆಗೆ ಇಪ್ಪತ್ತರ ಮಾಸ್ತಪ್ಪ ತಾನೇ ಮಣ್ಣು ತುಳಿದು ಗೋಡೆ ಇಟ್ಟ. ಮೊದಲ ವರಸೆ ಒಣಗುವ ಮೊದಲೇ ಎರಡನೆಯದನ್ನು ಹೇರಿದ. ಗೋಡೆ ಹೊಟ್ಟೆ ಬಿಟ್ಟು ಕೂತಿತು. ಮತ್ತೆ ಇಟ್ಟ, ಮತ್ತೆ ಕೂತಿತು. ಮೂರನೆಯ ಸಲ ದಿನವೂ ಬೆಳಿಗ್ಗೆ ಹೋಗಿ ಗೋಡೆಗೆ ಕೆನ್ನೆಯೊತ್ತಿ ನೋಡುತ್ತಿದ್ದನಂತೆ, ತಣ್ಣಗಿದ್ದರೆ ಇನ್ನೂ ಕಾಯುವುದು. ಆ ಗೋಡೆ ಈಗಲೂ ಇದೆ. ಕೆರಿಯಮ್ಮ, ಎಂದರೆ ಅವನ ಹೆಂಡತಿ, ಮದುವೆಯಾಗಿ ಬಂದ ಹೊಸತರಲ್ಲಿ ಈ ಕಥೆ ಕೇಳಿ, "ನನಗಿಂತ ಮೊದ್ಲು ಗೋಡೆಗೇ ಕೆನ್ನೆ ಕೊಟ್ಟಿದಾರೆ ಇವ್ರು" ಎಂದಳಂತೆ.

ಆ ಕಾಲದ ಮನೆಗೆ ಹೆಸರುಗಳು ಕಡಿಮೆ, ಒಂದೊಂದು ಹೆಸರಿಗೂ ಒಂದೊಂದು ಕೆಲಸ. ನೆಲದೊಳಗೆ ಹೂತು ಹೋಗುವುದು ಪಾಯ. ಪಾಯದ ಮೇಲೆ, ನೆಲದಿಂದ ಎರಡಡಿ ಎದ್ದು, ಇಡೀ ಮನೆಯನ್ನು ಒದ್ದೆಯಿಂದ ಮೇಲೆತ್ತಿ ಹಿಡಿಯುವುದು ಪಂಚಾಂಗ. ಅದರ ಮೇಲೆ ಗೋಡೆ. ಗೋಡೆಯ ನಡುವೆ ದಾರಂದ, ಎಂದರೆ ಬಾಗಿಲ ಚೌಕಟ್ಟು. ಅದರ ನೆತ್ತಿಯ ಮೇಲೆ ಗೋಡೆಯ ಭಾರ ಹೊರಲು ಒಂದು ದಪ್ಪ ಅಡ್ಡಹಲಗೆ. ಅಲ್ಲಿಂದ ಮೇಲೆ, ಎಂದರೆ ಮಾಡು, ನನ್ನ ರಾಜ್ಯ: ತೊಲೆ, ಪಕಾಸು, ರೀಪು, ಹೆಂಚು. "ಇಲಿ ಹೊಕ್ರೆ ನಂದು, ಹನಿ ಹೊಕ್ರೆ ನಿಂದು" ಎಂದು ಮಾಸ್ತಪ್ಪ ಮನೆಯವರ ಎದುರಿಗೇ ಹೇಳುತ್ತಿದ್ದ. ಹನಿ ಹೊಕ್ಕ ಮನೆಗಳಿಗೆ ನಾನು ಹೋಗಿ ಬೈಸಿಕೊಂಡದ್ದೂ ಉಂಟು.

ಮಣ್ಣಿನ ಗೋಡೆ ಹೋಗಿ ಜಂಬಿಟ್ಟಿಗೆ ಕಲ್ಲು ಬಂತು. ಆ ಕೆಂಪು ಕಲ್ಲು ನೆಲದಿಂದ ಕಡಿಯುವಾಗ ಮೆತ್ತಗೆ, ಬಿಸಿಲು ಕಂಡ ಮೇಲೆ ಗಟ್ಟಿ. ಮಾಸ್ತಪ್ಪ ಹಸಿ ಕಲ್ಲನ್ನು ಕಟ್ಟಲು ಒಪ್ಪುತ್ತಿರಲಿಲ್ಲ. ಮನೆಯವರು ಅವಸರ ಮಾಡಿದರೆ, "ಕಲ್ಲು ಒಂದು ಬೇಸಿಗೆ ಬಿಸಿಲು ತಿನ್ಲಿ. ನೀವೂ ಅಷ್ಟರಲ್ಲಿ ಇನ್ನೊಂದು ಸಲ ಯೋಚ್ನೆ ಮಾಡಿ, ಹಿತ್ಲ ಬಾಗ್ಲು ಎಲ್ಲಿಡಬೇಕು ಅಂತ" ಎನ್ನುತ್ತಿದ್ದ. ಬೆರಳ ಗಂಟಿನಿಂದ ಪ್ರತಿ ಕಲ್ಲನ್ನೂ ಬಡಿದು ಕಿವಿಗೊಟ್ಟು ಕೇಳುತ್ತಿದ್ದ. ಈಗ ಕಲ್ಲು ಲಾರಿಯಲ್ಲಿ ಬರುತ್ತದೆ, ಮಧ್ಯಾಹ್ನದೊಳಗೆ ಗೋಡೆಯಲ್ಲಿರುತ್ತದೆ.

ಇನ್ನೊಂದು ವಿಷಯವಿತ್ತು, ಆಯ. ಮನೆಯ ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷವನ್ನು ನೋಡುವುದು. ಒಂದು ಉಳಿದರೆ ಧ್ವಜಾಯ, ಮನೆಗೆ ಒಳ್ಳೆಯದು. ಎರಡು ಉಳಿದರೆ ಧೂಮಾಯ, ಮನೆಯಲ್ಲಿ ಬರೀ ಹೊಗೆ, ನೆಮ್ಮದಿ ಇಲ್ಲ. ಮೂರು, ನಾಲ್ಕು, ಹೀಗೆ ಏಳರ ತನಕ, ಏನೂ ಉಳಿಯದಿದ್ದರೆ ಎಂಟೆಂದು ಲೆಕ್ಕ, ಒಂದೊಂದಕ್ಕೂ ಒಂದೊಂದು ಫಲ. ಸಹಿ ಹಾಕಲು ತಡವರಿಸುವ ಮಾಸ್ತಪ್ಪ ಈ ಲೆಕ್ಕವನ್ನು ಎಲೆ ಅಡಿಕೆ ಜಗಿಯುತ್ತ ಬಾಯಲ್ಲೇ ಮಾಡುತ್ತಿದ್ದ. ಆಯ ಸರಿ ಬೀಳದಿದ್ದರೆ ಗೋಡೆಯನ್ನು ಎರಡೋ ಮೂರೋ ಇಂಚು ಆಚೆ ಸರಿಸುತ್ತಿದ್ದ. ಅಗಲವಾದ ಪಂಚಾಂಗದ ಮೇಲೆ ಗೋಡೆ ಮೂರು ಇಂಚು ಆಚೆ ಕೂತರೆ ಪಂಚಾಂಗಕ್ಕೆ ಏನೂ ಅನ್ನಿಸುವುದಿಲ್ಲ. ಮನೆಯವರಿಗೆ ಮನಸ್ಸು ಹಗುರ. ಇಕ್ಕೇರಿಯ ಹತ್ತಿರ ಮೂಕಾಂಬಿಕಮ್ಮನವರ ಮನೆಯನ್ನು ಹೀಗೆಯೇ ಎರಡು ಇಂಚು ಸರಿಸಿ ಕಟ್ಟಿದ. ಆ ಮನೆಯಲ್ಲಿ ಅವರು ಮೂವತ್ತೈದು ವರ್ಷ ಬಾಳಿದರು. ಬಂದ ಒಳ್ಳೆಯದೆಲ್ಲ ಆ ಎರಡು ಇಂಚಿನಿಂದ ಬಂತು ಎಂದೇ ಅವರ ಲೆಕ್ಕ.

ಮಾಸ್ತಪ್ಪನ ಮಗಳ ಮಗಳು ಸುಚಿತ್ರಾ. ರಜೆಯಲ್ಲಿ ಅಜ್ಜನ ಮನೆಗೆ ಬಂದರೆ ಅವನು ಹೋದಲ್ಲೆಲ್ಲ ಹೋಗುತ್ತಿದ್ದಳು. ಮರಳ ರಾಶಿಯ ಮೇಲೆ ಕೂತು ಪ್ರಶ್ನೆ ಕೇಳುವುದೇ ಅವಳ ಆಟ. ಕಿಟಕಿಯ ಕೆಳಗಿನ ಅಂಚು ಹೊರಕ್ಕೆ ಯಾಕೆ ವಾಲಿದೆ? ನೀರು ಹೊರಗೆ ಹೋಗಲಿ ಅಂತ. ಬಾಗಿಲ ಮೇಲಿನ ಹಲಗೆ ಬಾಗಿಲಿಗಿಂತ ಉದ್ದ ಯಾಕಿದೆ? ಎರಡೂ ಬದಿಗೆ ಒಂದೊಂದು ಗೇಣು ಗೋಡೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಭಾರ ಕೊಡುವುದು ಯಾರಿಗೆ? ಮುಂದೆ ಅವಳು ಶಿವಮೊಗ್ಗದಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದಳು. ಮೊದಲ ವರ್ಷದ ರಜೆಗೆ ಬಂದವಳು ಪುಸ್ತಕ ಬಿಡಿಸಿ ಕೂತು ಅಜ್ಜನಿಗೆ ಪಾಠ ಒಪ್ಪಿಸಿದ್ದು ನನಗೆ ನಿನ್ನೆಯ ಹಾಗಿದೆ.

"ಅಜ್ಜಾ, ನೀನು ಪಂಚಾಂಗ ಅಂತೀಯಲ್ಲ, ಅದು ಪ್ಲಿಂತ್. ಕಿಟಕಿ ಅಂಚು ಸಿಲ್. ಬಾಗ್ಲ ಮೇಲಿನ ಹಲಗೆ ಲಿಂಟಲ್. ತೊಲೆ ಬೀಮ್."

"ಹೆಸ್ರು ಏನಾದ್ರೂ ಇಟ್ಕೊಳ್ಲಿ ಮಗಾ. ಒದ್ದೆ ಮೇಲೆ ಏರಬಾರ್ದು, ನೀರು ಒಳಗೆ ಬರಬಾರ್ದು. ಅದನ್ನ ಬರ್ದಿದಾರಾ ನಿನ್ನ ಪುಸ್ತಕದಲ್ಲಿ?"

"ಬರ್ದಿದಾರೆ ಅಜ್ಜಾ."

"ಹಂಗಾದ್ರೆ ಬರ್ದವ ಬುದ್ಧಿವಂತ" ಎಂದು ಮಾಸ್ತಪ್ಪ ಪುಸ್ತಕವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ.

ಓದು ಮುಗಿಸಿದ ಮೇಲೆ ಸುಚಿತ್ರಾ ತೀರ್ಥಹಳ್ಳಿಯ ಒಬ್ಬ ಕಂಟ್ರಾಕ್ಟರರ ಆಫೀಸಿಗೆ ಸೇರಿದಳು. ಎರಡು ವರ್ಷ ಹಿರಿಯರ ಹಿಂದೆ ಓಡಾಡಿದ ಮೇಲೆ ಅವಳೊಬ್ಬಳ ಜವಾಬ್ದಾರಿಗೆ ಮೊದಲ ಮನೆ ಬಂತು. ಔಷಧಿ ಅಂಗಡಿಯ ವೆಂಕಟ್ರಮಣ ಊರ ಅಂಚಿನಲ್ಲಿ ಸೈಟು ತೆಗೆದುಕೊಂಡು ಕಟ್ಟಿಸುವ ಮನೆ, ಮುಂದೆ ಮೇಲೊಂದು ಅಂತಸ್ತು ಏರಿಸುವ ಲೆಕ್ಕ. ವೆಂಕಟ್ರಮಣನ ತಾಯಿಯೇ ಆ ಇಕ್ಕೇರಿ ಕಡೆಯ ಮೂಕಾಂಬಿಕಮ್ಮ. ಮಗನ ಜತೆ ಇರಲು ಬಂದವರು ಗಾರೆಯವ ಯಾರು ಎಂದು ಕೇಳಿದರು. "ಅಮ್ಮಾ, ನನ್ನ ಅಜ್ಜನ ಹೆಸ್ರು ಮಾಸ್ತಪ್ಪ" ಎಂದಳು ಸುಚಿತ್ರಾ. ಅವನೇ ಬರಬೇಕೆಂದು ಮುದುಕಿ ಅವಳ ಕೈ ಹಿಡಿದುಕೊಂಡೇಬಿಟ್ಟರಂತೆ. ಹಾಗಾಗಿ ಮೂರು ವರ್ಷದಿಂದ ಕರಣೆ ಮುಟ್ಟದ ಮಾಸ್ತಪ್ಪ, ಎಪ್ಪತ್ತನೆಯ ವಯಸ್ಸಿನಲ್ಲಿ, ಮೊಮ್ಮಗಳ ಉಸ್ತುವಾರಿಯ ಮನೆಗೆ ಮೇಸ್ತ್ರಿಯಾಗಿ ಹೊರಟ. ಬಾಗಿಲು ಕಿಟಕಿಗೆ ನನ್ನನ್ನೂ ಎಳೆದುಕೊಂಡ.

ಅದು ಪಿಲ್ಲರ್ ಮನೆ. ಹಳೆಯ ಮನೆಯಲ್ಲಿ ಭಾರ ಹೊರುವುದು ಗೋಡೆ, ಪಿಲ್ಲರ್ ಮನೆಯಲ್ಲಿ ಗೋಡೆ ಹೊರುವುದು ತನ್ನನ್ನು ಮಾತ್ರ. ಸ್ಲ್ಯಾಬಿನ ಭಾರ ಬೀಮಿಗೆ, ಬೀಮಿನದು ಪಿಲ್ಲರಿಗೆ, ಪಿಲ್ಲರಿನದು ಅದರ ಕಾಲಡಿಯ ಕಾಂಕ್ರೀಟ್ ಹಾಸಿನ ಮೇಲೆ, ಅಲ್ಲಿಂದ ನೆಲಕ್ಕೆ. ಮಾಸ್ತಪ್ಪ ಇಂಥ ಮನೆಗಳಲ್ಲೂ ದುಡಿದಿದ್ದ, ಆದರೆ ಗೋಡೆ ಕಟ್ಟಲು ಮಾತ್ರ. ಗುಂಡಿಯೊಳಗಿನ ಕೆಲಸಕ್ಕೆ ಬೇರೆಯವರಿರುತ್ತಿದ್ದರು.

ಕಂಬಿ ಕಟ್ಟಿ, ಹನ್ನೆರಡು ಗುಂಡಿಗೂ ಹಾಸು ಸುರಿದಾಯಿತು. ಪಿಲ್ಲರಿನ ಕಂಬಿಗಳು ಗುಂಡಿಯಿಂದ ಎದ್ದು ನಿಂತಿದ್ದವು. ಆ ವಾರ ಸುಚಿತ್ರಾಗೆ ಎರಡು ದಿನ ಶಿವಮೊಗ್ಗಕ್ಕೆ ಹೋಗುವ ಕೆಲಸ ಬಿತ್ತು. ಅಜ್ಜ ಇದ್ದಾರಲ್ಲ ಎಂದು ಹೋದಳು. ಮೂಕಾಂಬಿಕಮ್ಮ ಬಂದದ್ದು ಅದೇ ಹೊತ್ತಿಗೆ. ಮಗನಿಗೆ ಗೊತ್ತಾಗದಂತೆ ಯಾರಿಂದಲೋ ಆಯ ನೋಡಿಸಿದ್ದರು. ಧೂಮಾಯ. ಪೂರ್ವಕ್ಕೆ ಮೂರು ಇಂಚು ಉದ್ದ ಮಾಡಿದರೆ ಧ್ವಜಾಯ. "ಮಗ ಇದನ್ನೆಲ್ಲ ನಂಬುದಿಲ್ಲ ಮಾಸ್ತಪ್ಪ. ನಿಂಗೆ ಗೊತ್ತಿದೆಯಲ್ಲ" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಎಂಬತ್ತರ ಹೆಂಗಸು ಎದುರು ನಿಂತು ಕೇಳುವಾಗ, ಐವತ್ತು ವರ್ಷ ಹೀಗೆಯೇ ಗೋಡೆ ಸರಿಸುತ್ತ ಬಂದ ಮನುಷ್ಯ ಇಲ್ಲ ಎನ್ನುತ್ತಾನೆಯೇ? ಪೂರ್ವದ ಸಾಲಿನ ಮೂರು ಪಿಲ್ಲರಿನ ಕಂಬಿಗಳಿಗೆ ಕಬ್ಬಿಣದ ಪೈಪು ತೂರಿಸಿ, ಬುಡದಿಂದ ಒಂದಡಿ ಮೇಲೆ ಬಗ್ಗಿಸಿ, ಮೂರು ಇಂಚು ಆಚೆ ಮತ್ತೆ ನೆಟ್ಟಗೆ ನಿಲ್ಲಿಸಿದ. ಸುತ್ತ ಹಲಗೆ ಕಟ್ಟಿ ಕಾಂಕ್ರೀಟ್ ತುಂಬಿಸಿ, ಹಲಗೆ ಬಿಚ್ಚಿದೊಡನೆ ಗುಂಡಿಗೆ ಮಣ್ಣು ಎಳೆಸಿದ. ಮೇಲೆ ನೋಡಿದರೆ ತೂಗುಗುಂಡು ಹಿಡಿದ ಹಾಗೆ ನೇರ.

ತಿರುಗಿ ಬಂದ ಸುಚಿತ್ರಾ ಟೇಪು ಹಿಡಿದಳು. "ಅಜ್ಜಾ, ಈ ಕಡೆ ಮೂರಿಂಚು ಜಾಸ್ತಿ ಬರ್ತಿದೆಯಲ್ಲ?"

"ಗುರುತು ಹಾಕುವಾಗ್ಲೇ ಹಂಗೆ ಬಿದ್ದಿರ್ಬೇಕು ಮಗಾ."

"ಹಾಸಿಂದ್ಲೇ ಹಂಗೆ ಬಂದಿದ್ರೆ ತೊಂದ್ರೆ ಇಲ್ಲ. ಹಾಸಿನ ನಡುವೆ ಪಿಲ್ಲರ್ ಇದ್ರೆ ಸಾಕು" ಎಂದು ಅವಳು ನಕ್ಷೆಯಲ್ಲಿ ಅಳತೆ ತಿದ್ದಿ, ತಾನೇ ನೋಡಿದ್ದೇನೆ ಎಂದು ಸಹಿ ಹಾಕಿದಳು. ಸೋಮವಾರ ಪ್ಲಿಂತ್ ಬೀಮ್ ಸುರಿಯುವುದೆಂದು ನಿಗದಿಯಾಯಿತು.

ಇದನ್ನೆಲ್ಲ ಮಾಸ್ತಪ್ಪ ನನಗೆ ಹೇಳಿದ್ದು ಶುಕ್ರವಾರ ಮಧ್ಯಾಹ್ನ, ಊಟದ ಡಬ್ಬಿ ತೊಳೆಯುತ್ತ. ಹೇಳುವಾಗ ಮುಖದಲ್ಲಿ ಹಳೆಯ ಹೆಮ್ಮೆ. ಮುದುಕಿಗೂ ಸಮಾಧಾನ, ಮೊಮ್ಮಗಳಿಗೂ ತೊಂದರೆಯಿಲ್ಲ ಎಂಬ ಹಾಗೆ.

"ಕಂಬಿ ಬಗ್ಗಿಸಿದ್ಯಾ?" ಎಂದೆ.

"ಮೂರೇ ಇಂಚು ಮಾರಾಯಾ."

"ಸೊಂಟದಲ್ಲಿ ಗಂಟಿರೋ ಮರವನ್ನ ನಾನು ಕಂಬಕ್ಕೆ ಹಾಕಿದ್ದು ನೋಡಿದ್ಯಾ ಯಾವತ್ತಾದ್ರೂ? ಮೂರಿಂಚು ಸೊಟ್ಟ ಇರೋ ಕಂಬದ ಮೇಲೆ ತೊಲೆ ಇಡ್ತೀನಾ ನಾನು?"

"ಅದು ಮರ. ಇದು ಕಬ್ಣ."

"ಭಾರಕ್ಕೆ ಅದೆಲ್ಲ ಗೊತ್ತಾಗ್ತದಾ? ನೆಟ್ಟಗೆ ಇಳಿದು ಬರೋ ಭಾರ ಅಲ್ಲಿ ಬಂದು ತಿರುಗ್ಬೇಕು. ತಿರುಗೋ ಜಾಗದಲ್ಲೇ ಮುರೀತದೆ. ಮೇಲೆ ಇನ್ನೊಂದು ಮಾಳಿಗೆ ಬರ್ತದೆ ಅಂತ ಬೇರೆ."

"ನಿಂಗೆ ಮರ ಬಿಟ್ರೆ ಏನು ಗೊತ್ತೋ? ಕೀಲು ಸಡಿಲಾಯ್ತು ಅಂದ್ರೆ ಬೆಣೆ ಹೊಡೆಯೋನು ನೀನು."

"ಹೊಡೀತೀನಿ. ಎಲ್ಲರ ಎದುರಿಗೆ ಹೊಡೀತೀನಿ. ಮಣ್ಣು ಮುಚ್ಚಿ ಹೊಡಿಯಲ್ಲ."

ಅಷ್ಟಕ್ಕೆ ಅವನು ಡಬ್ಬಿ ಎತ್ತಿಕೊಂಡು ಎದ್ದುಹೋದ. ನಲವತ್ತೆರಡು ವರ್ಷದಲ್ಲಿ ನಾವು ಬೈದಾಡಿದ್ದು ಬೇಕಾದಷ್ಟು. ಮಾತು ಬಿಟ್ಟದ್ದು ಆವತ್ತು ಮಾತ್ರ. ಹೋಗಿ ಸುಚಿತ್ರಾಗೆ ಹೇಳಿಬಿಡಬೇಕೆಂದು ನನಗೆ ಅನ್ನಿಸದೆ ಇರಲಿಲ್ಲ. ಆದರೆ ಅದು ಅವನ ಬಾಯಿಂದಲೇ ಬರಬೇಕಾದ ಮಾತು. ಸೋಮವಾರ ಬೆಳಿಗ್ಗೆಯ ತನಕ ಕಾಯುವುದು, ಆಗಲೂ ಅವನು ಸುಮ್ಮನಿದ್ದರೆ ನಾನು ಬಾಯಿ ಬಿಡುವುದು ಎಂದು ನಿಶ್ಚಯಿಸಿಕೊಂಡೆ.

ಭಾನುವಾರ ಕೆರಿಯಮ್ಮ ಫೋನು ಮಾಡಿದಳು. "ಬಡಗಿಯಣ್ಣಾ, ಎಂಥದಾಯ್ತು ಅಲ್ಲಿ? ಇವ್ರು ಮೂರು ಹೊತ್ತಿಂದ ಸರಿ ಉಂಡಿಲ್ಲ. ಬೆಳಗಿಂದ ಅಂಗಳದಲ್ಲಿ ಒಂದು ಕಂಬಿ ತುಂಡು ಬಗ್ಸೋದು, ಅದರ ಮೇಲೆ ಕಲ್ಲು ಇಡೋದು, ಬೀಳ್ಸೋದು. ಹುಡ್ಗಾಟ ಶುರುವಾಗಿದೆ."

ಸೋಮವಾರ ಎಂಟು ಗಂಟೆಗೆ ನಾನು ಹೋಗುವಷ್ಟರಲ್ಲಿ ಕಾಂಕ್ರೀಟ್ ಕಲಸುವ ಮಿಷನ್ ಬಂದಿತ್ತು. ಜಲ್ಲಿ, ಮರಳು, ಸಿಮೆಂಟು ಸಾಲಾಗಿ ನಿಂತಿದ್ದವು. ವೆಂಕಟ್ರಮಣ ಅಂಗಡಿಗೆ ಹೋಗುವ ಮೊದಲು ಬಂದು ನಿಂತಿದ್ದ. ಮೂಕಾಂಬಿಕಮ್ಮ ಕಾಯಿ ಒಡೆಯಲು ತಟ್ಟೆ ಹಿಡಿದಿದ್ದರು. ಸುಚಿತ್ರಾ ಹಳದಿ ಟೋಪಿ ಹಾಕಿಕೊಂಡು ಬೀಮಿನ ಕಂಬಿಗಳನ್ನು ಕೊನೆಯ ಸಲ ಎಣಿಸುತ್ತಿದ್ದಳು. ಮಾಸ್ತಪ್ಪ ಮಿಷನ್ನಿನ ಹತ್ತಿರ ಹೋಗಿ, ಅದರ ಹಿಡಿಕೆಯ ಮೇಲೆ ಕೈಯಿಟ್ಟು, "ಶುರು ಮಾಡ್ಬೇಡಿ" ಎಂದ.

"ಯಾಕಜ್ಜ?"

"ಪೂರ್ವದ ಮೂರು ಪಿಲ್ಲರು ಕೆಡವ್ಬೇಕು ಮಗಾ. ನಾನು ಕಂಬಿ ಬಗ್ಗ್ಸಿದೀನಿ. ಕೆಳಗೆ. ಮಣ್ಣಲ್ಲಿ. ಗುರುತು ಹಾಕುವಾಗ್ಲೇ ಹಂಗೆ ಬಿತ್ತು ಅಂದದ್ದು ಸುಳ್ಳು."

ಸುಚಿತ್ರಾ ತಕ್ಷಣ ಬೈಯಲಿಲ್ಲ, ಅಳಲಿಲ್ಲ. "ಎಷ್ಟು ಎತ್ರದಲ್ಲಿ ಬಗ್ಗ್ಸಿದ್ದು?" ಎಂದಳು.

"ಒಂದಡಿ."

"ಕಾಯ್ಸಿ ಬಗ್ಗ್ಸಿದ್ದಾ, ಹಂಗೇನಾ?"

"ಹಂಗೇ. ಪೈಪು ಹಾಕಿ."

ಅವಳು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ನಾನು ಸಹಿ ಹಾಕಿದೀನಿ ಅಜ್ಜಾ" ಎಂದಳು. ಆ ಒಂದು ಮಾತಿಗೆ ಮಾಸ್ತಪ್ಪ ಕುಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ವೆಂಕಟ್ರಮಣನ ಮುಖ ಕೆಂಪಾಗಿತ್ತು. "ಏನ್ರೀ ಇದು? ಇಂಜಿನಿಯರ್ ನೀವಾ, ನಿಮ್ಮಜ್ಜನಾ? ಆಫೀಸಿಗೆ ಫೋನ್ ಮಾಡ್ತೀನಿ, ಬೇರೆಯವ್ರನ್ನ ಕಳಿಸ್ಲಿ."

"ಮಾಡಿ ಸರ್. ತಪ್ಪು ನಂದೇ. ಗುಂಡಿ ಮುಚ್ಚೋ ಮೊದ್ಲು ನಾನು ಇಳಿದು ನೋಡ್ಬೇಕಿತ್ತು" ಎಂದಳು ಸುಚಿತ್ರಾ.

"ಅವಳದ್ದಲ್ಲ" ಎಂದು ಮಾಸ್ತಪ್ಪ ನಡುವೆ ಬಂದ. "ಅಯ್ಯಾ, ನಾನು ಐವತ್ತು ವರ್ಷದಲ್ಲಿ ಯಾರ ಎದ್ರಿಗೂ ತಪ್ಪಾಯ್ತು ಅಂದವ ಅಲ್ಲ. ಈಗ ಅಂತಿದೀನಿ. ಅವಳಿಗೆ ಗೊತ್ತಿರ್ಲಿಲ್ಲ. ಕೇಳಿದ್ಲು, ನಾನು ಸುಳ್ಳು ಹೇಳ್ದೆ. ಆಫೀಸಿನವ್ರಿಗೂ ಇದನ್ನೇ ಹೇಳಿ."

ಯಾಕೆ ಹಾಗೆ ಮಾಡಿದೆ ಎಂದು ವೆಂಕಟ್ರಮಣ ಎರಡು ಸಲ ಕೇಳಿದ. ಮಾಸ್ತಪ್ಪ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮುದುಕಿಯ ಹೆಸರು ಹೇಳಬೇಕಿತ್ತು. ಮೂಕಾಂಬಿಕಮ್ಮ ತಟ್ಟೆಯನ್ನು ಮರಳ ರಾಶಿಯ ಮೇಲಿಟ್ಟು ಮುಂದೆ ಬಂದರು. ಸಿಟ್ಟು ಬಂದಾಗ ಅವರಿಗೆ ಮನೆಮಾತೇ ಬರುತ್ತಿತ್ತು, ಅದರಲ್ಲಿ ಆನು ಎಂದರೆ ನಾನು.

"ಅವಂಗೆ ಬೈಯಡ ವೆಂಕಟ್ರಮಣ. ಆನೇ ಹೇಳಿದ್ದು. ಧ್ವಜಾಯ ಬರ್ಲಿ ಹೇಳಿ ಆನೇ ಹೇಳಿದ್ದು."

"ಎಂತ ಅಮ್ಮಾ ಇದು!"

"ನಿಂಗೆ ಹೇಳಿದ್ರೆ ನೀ ನೆಗ್ಯಾಡ್ತೆ. ಅದ್ಕೆ ಅವಂಗೆ ಹೇಳಿದ್ದಿ."

ವೆಂಕಟ್ರಮಣ ತಲೆಯ ಮೇಲೆ ಕೈಹೊತ್ತು ಕಲ್ಲಿನ ಮೇಲೆ ಕೂತ. ಸುಚಿತ್ರಾ ಮೂಕಾಂಬಿಕಮ್ಮನ ಹತ್ತಿರ ಹೋಗಿ, "ಆಯಕ್ಕೆ ಅಳತೆ ಹಿಡಿಯೋದು ಹೊರಗೋಡೆಯಿಂದ ಅಲ್ವಾ ಅಮ್ಮಾ?" ಎಂದು ಕೇಳಿದಳು. ಹೌದೆಂದರು. "ಪೂರ್ವದ ಗೋಡೆಗೆ ಆರಿಂಚಿನ ಬ್ಲಾಕ್ ಇದೆ ನಕ್ಷೇಲಿ. ಅದರ ಬದ್ಲು ಒಂಬತ್ತಿಂಚಿನ ಜಂಬಿಟ್ಟಿಗೆ ಇಟ್ರೆ ಗೋಡೆ ಮೂರಿಂಚು ಹೊರಗೆ ಬರ್ತದೆ. ಪಿಲ್ಲರ್ ಅಲ್ಲಾಡ್ಸೋದೇ ಬೇಡ. ಆಫೀಸಲ್ಲಿ ಕೇಳಿ ಬೀಮಿನ ಅಗಲ ಒಂದು ಬದಲಾಯ್ಸಿದ್ರೆ ಆಯ್ತು."

ಮಾಸ್ತಪ್ಪ ಅವಳ ಮುಖ ನೋಡಿದ. ಗೋಡೆ ಸರಿಸುವ ವಿದ್ಯೆಯನ್ನು ಐವತ್ತು ವರ್ಷ ಮಾಡಿದವನಿಗೆ ಇದು ಹೊಳೆದಿರಲಿಲ್ಲ. ಒಂದು ಮಾತು ಕೇಳಿದ್ದರೆ ಅವಳು ನಿಂತಲ್ಲೇ ಹೇಳುತ್ತಿದ್ದಳು. ಕೇಳುವುದು ಎಂಬುದೊಂದು ಅವನಿಗೂ ನನಗೂ ಅಭ್ಯಾಸವಿಲ್ಲ. ಯಾರೂ ಕಲಿಸದೆ ಕಲಿತವರಿಗೆ ಅದೊಂದು ಕೊರತೆ ಉಳಿದುಬಿಡುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ನನಗೆ ಅದು ತಿಳಿದದ್ದೇ ಆವತ್ತು.

ಆಫೀಸಿನಿಂದ ಹಿರಿಯ ಇಂಜಿನಿಯರ್ ಬಂದು ನೋಡಿದರು. ಬಗ್ಗಿಸಿದ ಕಂಬಿಯನ್ನು ತಿರುಗಿ ನೆಟ್ಟಗೆ ಮಾಡಿದರೆ ಅದಕ್ಕೆ ಮೊದಲಿನ ಜೀವವಿರುವುದಿಲ್ಲ, ಹಾಸು ಸಮೇತ ಮೂರನ್ನೂ ಒಡೆದು ಹೊಸದು ಹಾಕಬೇಕು ಎಂದರು. ಆ ಮನೆ ಮುಗಿಯುವ ತನಕ ಸುಚಿತ್ರಾಳ ಪ್ರತಿ ಸಹಿಯ ಕೆಳಗೆ ಅವರದ್ದೊಂದು ಸಹಿ ಬೇಕೆಂದೂ ಆಯಿತು. ಅವಳು ಆಗಲಿ ಸರ್ ಎಂದಳು. ಮಾಸ್ತಪ್ಪ ಬೇರೆ ಕಡೆ ನೋಡಿದ.

ಒಡೆಯುವ ಮಿಷನ್ ತರಿಸುತ್ತೇವೆ ಎಂದರೂ ಅವನು ಕೇಳಲಿಲ್ಲ. ಮೊದಲ ಪಿಲ್ಲರನ್ನು ಸುತ್ತಿಗೆ ಚಾಣ ಹಿಡಿದು ತಾನೇ ಒಡೆದ, ನಾಲ್ಕು ದಿನ. ಎರಡನೆಯ ದಿನ ನಾನೂ ಗುಂಡಿಗೆ ಇಳಿದೆ. "ನಿಂಗೆ ಮರ ಬಿಟ್ರೆ ಏನೂ ಗೊತ್ತಿಲ್ಲ, ಬೆರಳು ಜಜ್ಕೊಳ್ತೀಯ, ಮೇಲೆ ಹೋಗು" ಎಂದ. ನಾವು ಮತ್ತೆ ಮಾತಾಡಿದ್ದು ಹೀಗೆ. ಮೂರನೆಯ ದಿನ ಅವನ ಅಂಗೈಯಲ್ಲಿ ಬೊಬ್ಬೆ ಒಡೆದು ರಕ್ತ ಬಂತು. ಉಳಿದೆರಡನ್ನು ಮಿಷನ್ನಿನಿಂದ ಒಡೆಯಲು ಕಡೆಗೂ ಒಪ್ಪಿಸಿದವಳು ಸುಚಿತ್ರಾ. ಏನು ಹೇಳಿ ಒಪ್ಪಿಸಿದಳೋ ನಾನು ಕೇಳಲಿಲ್ಲ.

ಹೊಸ ಹಾಸು ಬಿತ್ತು, ಹೊಸ ಕಂಬಿ ಎದ್ದಿತು, ಪಿಲ್ಲರ್ ಸುರಿದು ಹಲಗೆ ಬಿಚ್ಚಿದರು. ಗುಂಡಿ ಮುಚ್ಚುವ ದಿನ ಆಳುಗಳು ಬುಟ್ಟಿ ತುಂಬಿ ನಿಂತಿದ್ದರು. ಸುಚಿತ್ರಾ ಇನ್ನೂ ಬಂದಿರಲಿಲ್ಲ. ಒಬ್ಬ ಅವಸರದವನು ಬುಟ್ಟಿ ಎತ್ತಿದ. ಮಾಸ್ತಪ್ಪ ಅವನ ರಟ್ಟೆ ಹಿಡಿದ.

"ಅವಳು ಇಳಿದ್ ನೋಡ್ಲಿ."

"ನೀವೇ ನೋಡಿದೀರಲ್ಲ ಮೇಸ್ತ್ರೀ."

"ನಾನು ನೋಡಿದ್ದು ಲೆಕ್ಕಕ್ಕಿಲ್ಲ. ಬುಟ್ಟಿ ಕೆಳಗಿಡು."

ಅರ್ಧ ಗಂಟೆಯ ಮೇಲೆ ಸುಚಿತ್ರಾ ಸ್ಕೂಟರಿನಲ್ಲಿ ಬಂದಳು. ಏಣಿ ಇಟ್ಟುಕೊಂಡು ಮೂರು ಗುಂಡಿಗೂ ಒಂದೊಂದಾಗಿ ಇಳಿದು, ಪಿಲ್ಲರಿನ ಬುಡದ ತನಕ ಕೈಯಾಡಿಸಿ, ನಾಲ್ಕೂ ಬದಿಗೆ ತೂಗುಗುಂಡು ಹಿಡಿದು ನೋಡಿದಳು. ಮಾಸ್ತಪ್ಪ ಮೇಲೆ ನಿಂತು ದಾರದ ತುದಿ ಹಿಡಿದಿದ್ದ. ಅವಳು ಹೇಳಿದ ಕಡೆ ಹಿಡಿದ, ಸರಿಸು ಎಂದಾಗ ಸರಿಸಿದ. ಅವಳು ಮಣ್ಣು ಮೆತ್ತಿದ ಕೈಯಲ್ಲಿ ಏಣಿ ಹತ್ತಿ ಬಂದು, "ತುಂಬಿ ಅಜ್ಜಾ" ಎಂದ ಮೇಲೆ ಮೊದಲ ಬುಟ್ಟಿ ಮಣ್ಣನ್ನು ಅವನೇ ಸುರಿದ.